ಮ್ಯೂಟ್ ಒತ್ತಿದ ಎಂಟು ತಿಂಗಳು

ಸರಸ್ವತಿ ನಗರ

ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಆ ಸಂಜೆ ಮೂವರಿದ್ದೆವು. ಕುರ್ಚಿಯ ಮೇಲೆ ಇಸ್ತ್ರಿ ಸೀರೆ ಉಟ್ಟುಕೊಂಡು ನಾನು. ನನ್ನ ಕಾಲ ಬಳಿ ಚಾಪೆಯ ಮೇಲೆ ಯಾರದೋ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದ ಶಮೀಮ್. ಪುಸ್ತಕದ ರಾಶಿಗೆ ಆನಿಸಿ ನಿಲ್ಲಿಸಿದ್ದ ಮೊಬೈಲಿನೊಳಗೆ, ಮಲೇಷ್ಯಾದ ಇಪೋ ಎಂಬ ಊರಿನಿಂದ, ಲೀಲಾ.

ಶಮೀಮ್ ಹರಿಹರದವಳು. ನಮ್ಮ ಓಣಿಗೆ ಸೊಸೆಯಾಗಿ ಬಂದು, ಹೊಲಿಗೆ ಮಾಡಿಕೊಂಡು, ಮೂವತ್ತು ವರ್ಷದಿಂದ ನಮ್ಮ ಪಕ್ಕದ ಮನೆಯಲ್ಲಿದ್ದಾಳೆ. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನ್ನ ಬಾಯಲ್ಲಿ ಎರಡು ಕನ್ನಡ ಇವೆ. ಒಂದು ನಂದಿಗುಡಿಯ ನಮ್ಮಜ್ಜಿ ಬೈದು ಕಲಿಸಿದ್ದು, ಮಂಡಿಪೇಟೆಯ ಅಪ್ಪನ ಅಂಗಡಿಯಲ್ಲಿ ಮೂಟೆ ಇಳಿಸುತ್ತಿದ್ದ ಹಮಾಲರ ಜೊತೆ ಕೂತು ಬೆಳೆಸಿಕೊಂಡಿದ್ದು. ಇನ್ನೊಂದು ಕರಿಹಲಗೆಯ ಮುಂದೆ ನಿಂತಾಗ ಮಾತ್ರ ಹೊರಗೆ ಬರುವುದು. ಇವೆರಡನ್ನೂ ನಾನು ಎಂದೂ ಬೆರೆಸಿದವಳಲ್ಲ. ಮನೆಯ ಚಪ್ಪಲಿ ಬೇರೆ, ಪೇಟೆಯ ಚಪ್ಪಲಿ ಬೇರೆ ಇಟ್ಟುಕೊಂಡ ಹಾಗೆ.

ಭಾಷೆ ಕಲಿಸುವವರೂ ಕಲಿಯುವವರೂ ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಜಾಗವೊಂದು ಇಂಟರ್ನೆಟ್ಟಿನಲ್ಲಿದೆ. ನಮ್ಮ ಅಕ್ಕನ ಮಗಳು ಅಲ್ಲಿ ನನ್ನ ಹೆಸರು ಸೇರಿಸಿದ್ದಳು. ಸೇರಿಸಿದ ಮೂರನೇ ವಾರಕ್ಕೆ ಲೀಲಾ ಸಿಕ್ಕಳು. ಅವಳ ತಂದೆ ಚನ್ನಬಸಪ್ಪ ಹರಿಹರದಲ್ಲಿ ಹುಟ್ಟಿದವರು. ಹರೆಯದಲ್ಲೇ ಮಲೇಷ್ಯಾಕ್ಕೆ ಹೋಗಿ ತವರದ ಗಣಿಯಲ್ಲಿ ಯಂತ್ರಗಳ ಫಿಟ್ಟರ್ ಆಗಿ, ಗಣಿ ಮುಚ್ಚಿದ ಮೇಲೆ ಪಂಪು, ಹೊಲಿಗೆ ಮೆಷಿನ್ ರಿಪೇರಿ ಮಾಡಿಕೊಂಡು, ಚೀನೀ ಮೂಲದ ಹೆಣ್ಣುಮಗಳನ್ನು ಮದುವೆಯಾಗಿ ಅಲ್ಲಿಯವರೇ ಆದವರು. ಮನೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮಲಯ್. ಮಗಳಿಗೆ ಕನ್ನಡ ಕಲಿಸಲಿಲ್ಲ. ಹೆಂಡತಿ ತೀರಿಕೊಂಡರು. ಆಮೇಲೆ ಚನ್ನಬಸಪ್ಪನವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಇಂಗ್ಲಿಷ್ ಇಲ್ಲ, ಮಲಯ್ ಇಲ್ಲ, ಏನೂ ಇಲ್ಲ. ಮಾತಿನ ಚಿಕಿತ್ಸೆ ಕೊಡಲು ಮನೆಗೆ ಬರುವ ನೂರುಲ್ ಎಂಬ ಹುಡುಗಿ, "ಕೆಲವರಿಗೆ ಮೊದಲು ಕಲಿತ ಭಾಷೆ ಮೊದಲು ಮರಳುವುದುಂಟು, ಅದನ್ನೂ ನೋಡಿ" ಎಂದಳಂತೆ. ಅಷ್ಟಕ್ಕೇ ಈ ಲೀಲಾ, ನಲವತ್ತೈದು ದಾಟಿದ ಗಣಿತದ ಟೀಚರು, ಅ ಆ ಇ ಈ ತಿದ್ದಲು ಕೂತಿದ್ದಳು.

ಆ ಸಂಜೆಯದು ಎರಡನೇ ಕ್ಲಾಸು; ಅವಳು ಒಂದು ಪ್ರಶ್ನೆ ಕೇಳಿದಳು. ಆಗಿನ್ನೂ ನಾವು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆವು. ಅಪ್ಪ ರಿಪೇರಿ ಮಾಡುವಾಗ ಸ್ಕ್ರೂ ಬಿಚ್ಚದಿದ್ದರೆ ಒಂದು ಮಾತು ಗೊಣಗುತ್ತಿದ್ದರು, ಅರ್ಥವೇನು ಎಂದು. ಹೇಳಿಯೂ ತೋರಿಸಿದಳು: "ಇದ್ರ ಮನಿ ಹಾಳಾಗ."

ಶಮೀಮ್ ಸೂಜಿ ಕೈಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ತಕ್ಷಣ ಮ್ಯೂಟ್ ಒತ್ತಿದೆ.

"ಅಯ್ಯ, ಹೇಳ್ರೀ ಅಕ್ಕೋರೆ, ಪಾಪ ಕೇಳಾಕತ್ತಾಳೆ" ಎಂದಳು ಶಮೀಮ್.

"ಸುಮ್ನಿರೇ, ಕ್ಲಾಸ್ ನಡೆದೈತೆ" ಎಂದೆ. ಮ್ಯೂಟ್ ತೆಗೆದು ಲೀಲಾಗೆ, ಅದು ಸಭ್ಯರ ಮಾತಲ್ಲ, ನಿಮಗೆ ಅದರ ಅಗತ್ಯವಿಲ್ಲ ಎಂದು ಹೇಳಿ, "ಇದು ಮರ. ಮರವು ಎತ್ತರವಾಗಿದೆ" ಎಂದು ಮುಂದಿನ ಪಾಠಕ್ಕೆ ಹೋದೆ.

ಎಂಟು ತಿಂಗಳು ಹೀಗೇ ನಡೆಯಿತು. ಶಮೀಮ್ ಬಾಯಿ ತೆರೆದಾಗಲೆಲ್ಲ ನಾನು ಮ್ಯೂಟ್ ಒತ್ತಿದೆ. ಲೀಲಾ ಓದಲು ಬರೆಯಲು ಕಲಿತಳು, ಆದರೆ ಅವಳ ಅಪ್ಪ ಒಂದಕ್ಷರ ಆಡಲಿಲ್ಲ. ಕೊನೆಗೆ ಒಂದು ಸಂಜೆ ಅವಳು, "ಗುರುಗಳೇ, ಈ ತಿಂಗಳ ಕೊನೆಯ ಶುಕ್ರವಾರ ನೂರುಲ್ ಅವರ ಅಂತಿಮ ಭೇಟಿ. ಅಂದು ತಂದೆಯವರು ಒಂದು ಪದವನ್ನೂ ನುಡಿಯದಿದ್ದರೆ ಚಿಕಿತ್ಸೆಯನ್ನು ನಿಲ್ಲಿಸುವರು. ತಾವು ಇಲ್ಲಿಗೆ ಆಗಮಿಸಲು ಸಾಧ್ಯವೇ?" ಎಂದಳು.

ರದ್ದಾದ ಯಾವುದೋ ಟೂರಿಗೆಂದು ಮಾಡಿಸಿದ್ದ ಪಾಸ್‌ಪೋರ್ಟ್ ನನ್ನ ಬೀರುವಿನಲ್ಲಿತ್ತು. ಮೆಕ್ಕಾಗೆ ಉಮ್ರಾ ಯಾತ್ರೆ ಹೋಗಿಬಂದ ಪಾಸ್‌ಪೋರ್ಟ್ ಶಮೀಮಳ ಬಳಿ ಇತ್ತು. "ಒಬ್ರೇ ಹೆಂಗ್ ಹೋಗ್ತೀರಿ ಅಕ್ಕೋರೆ? ನಾನೂ ಬರ್ತೀನಿ. ಬೇಕಾದ್ರೆ ಅಲ್ಲೂ ಮ್ಯೂಟ್ ಒತ್ತೀರಂತೆ" ಎಂದಳು.

ಹರಿಹರ

ಹೊರಡುವ ಮುಂಚೆ, ಅಪ್ಪ ಹುಟ್ಟಿದ ಬೀದಿಯ ವಿಡಿಯೋ ಬೇಕು ಎಂದಳು ಲೀಲಾ. ಹೊಳೆಯ ಹತ್ತಿರ ಎಂಬುದೊಂದೇ ಗುರುತು. ಶಮೀಮಳ ತವರುಮನೆಯವರನ್ನು ಕೇಳಿಕೊಂಡು ಹೋದರೆ ಅಲ್ಲಿ ಮೊಬೈಲ್ ಅಂಗಡಿಗಳ ಸಾಲು. ಮನೆ ಸಿಗಲಿಲ್ಲ. ಬೀದಿಯನ್ನಾದರೂ ತೋರಿಸೋಣವೆಂದು ಶಮೀಮ್ ಕೈಗೆ ಮೊಬೈಲ್ ಕೊಟ್ಟು, ಸೆರಗು ಸರಿ ಮಾಡಿಕೊಂಡು, "ತುಂಗಭದ್ರೆಯ ತಟದಲ್ಲಿ ಶೋಭಿಸುತ್ತಿರುವ ಈ ಪುರಾತನ ನಗರವು..." ಎಂದು ಶುರುಮಾಡಿದೆ. ಪಕ್ಕದಲ್ಲೇ ತರಕಾರಿಯವಳು ಕೂಗುತ್ತಿದ್ದಳು.

"ಸ್ವಲ್ಪ ಸುಮ್ನಿರ್ರಿ, ರೆಕಾರ್ಡಿಂಗ್ ನಡೆದೈತೆ" ಎಂದೆ.

"ಸುಮ್ನಿದ್ರೆ ನನ್ ಬದ್ನಿಕಾಯಿ ಯಾರ್ ತಗಂತಾರ್ರೀ? ನೀವ್ ತಗಂತೀರೇನು?"

ಅರ್ಧ ಕಿಲೋ ಬದನೆಕಾಯಿ ತೆಗೆದುಕೊಂಡ ಮೇಲೆಯೇ ಅವಳು ಎರಡು ನಿಮಿಷ ಬಾಯಿ ಮುಚ್ಚಿದ್ದು. ಹರಿಹರವನ್ನು ಸುಮ್ಮನಾಗಿಸಿ ನಾನು ಹರಿಹರದ ವಿಡಿಯೋ ಮಾಡಿದೆ. ಆಗ ಅದು ನನಗೆ ತಮಾಷೆಯಾಗಿಯೂ ಕಾಣಲಿಲ್ಲ.

ಕ್ವಾಲಾಲಂಪುರದ ವಿಮಾನ ನಿಲ್ದಾಣ

ಶಮೀಮ್ ತಾನೇ ಹೊಲಿದ ದೊಡ್ಡ ಬಟ್ಟೆಚೀಲದ ತುಂಬ ಮಂಡಕ್ಕಿ ತಂದಿದ್ದಳು. ದಾವಣಗೆರೆಯವರು ಬರಿಗೈಲಿ ಹೋಗುವುದುಂಟೆ? ಚೀಲದ ಗಾತ್ರ ನೋಡಿ, ಏನೂ ಇಲ್ಲದಂಥ ತೂಕ ನೋಡಿ, ಕಸ್ಟಮ್ಸ್‌ನ ಹೆಣ್ಣುಮಗಳಿಗೆ ಅನುಮಾನ ಬಂತು. ಬ್ಲೇಡಿನಿಂದ ಹೊಲಿಗೆ ಸೀಳಿದಳು. ಮಂಡಕ್ಕಿ ನೆಲದ ಮೇಲೆಲ್ಲ ಚೆಲ್ಲಿತು. ಅವಳು ಮೊಣಕೈವರೆಗೆ ಕೈ ಹಾಕಿ ತಡಕಾಡಿ ಇಂಗ್ಲಿಷಿನಲ್ಲಿ ಕೇಳಿದಳು: "ಇದು ಪ್ಯಾಕಿಂಗು. ಸಾಮಾನು ಎಲ್ಲಿ?"

"ಇದೇ ಸಾಮಾನು" ಎಂದೆ.

ಅವಳು ನಂಬಲಿಲ್ಲ. ಶಮೀಮ್ ಸಲಾಂ ಹೇಳಿ, ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ತೋರಿಸಿದಳು. ಆಕೆಯೂ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಇಷ್ಟು ದೂರ ಗಾಳಿ ಹೊತ್ತು ತಂದಿರಲ್ಲ ಎಂಬಂತೆ ನಮ್ಮನ್ನು ನೋಡಿ ಬಿಟ್ಟಳು. ಹರಿದ ಚೀಲವನ್ನು ಶಮೀಮಳ ದುಪಟ್ಟಾದಲ್ಲಿ ಕಟ್ಟಿಕೊಂಡು ಬಸ್ ಹತ್ತಿದೆವು.

ಇಪೋ, ಬುಧವಾರ

ಇಪೋ ಬಸ್ ನಿಲ್ದಾಣದಲ್ಲಿ ಲೀಲಾ ಕೈಮುಗಿದು ನಿಂತಿದ್ದಳು. "ಗುರುಗಳೇ, ತಮ್ಮ ಆಗಮನದಿಂದ ನಮಗೆ ಅತೀವ ಸಂತಸವಾಗಿದೆ. ಪ್ರಯಾಣವು ಸುಖಕರವಾಗಿತ್ತೇ?"

ಮೊಬೈಲಿನಲ್ಲಿ ಎಂಟು ತಿಂಗಳು ಕೇಳಿದ್ದೇ. ಆದರೆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ, ಜೀನ್ಸ್ ಪ್ಯಾಂಟು ಹಾಕಿದ, ಬೆವರಿದ ಹೆಂಗಸಿನ ಬಾಯಿಂದ ಅದನ್ನು ಕೇಳಿ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಶಮೀಮ್ ನನ್ನ ಕಿವಿಯಲ್ಲಿ, "ಅಕ್ಕೋರೆ, ಈಕಿ ಥೇಟ್ ನಿಮ್ಮಂಗೇ ಮಾತಾಡ್ತಾಳಲ್ರೀ! ನಿಮ್ಮಂಗಲ್ಲ, ಮೊಬೈಲ್ ಮುಂದ ಕುಂತಾಗ ನೀವು ಆಗ್ತೀರಲ್ಲ, ಆಕಿಯಂಗೆ" ಎಂದಳು.

ಇಪೋ ಊರ ನಡುವೆಯೇ ಸುಣ್ಣಕಲ್ಲಿನ ಗುಡ್ಡಗಳು ದಿಢೀರನೆ ಎದ್ದು ನಿಂತಿವೆ. ದಾರಿಯಲ್ಲಿ ಕಾಫಿ ಕುಡಿಯಲು ಕರೆದೊಯ್ದಳು. ಕೂರುವ ಮೊದಲು ಮೇಜಿನ ಮೇಲೆ ಟಿಶ್ಯೂ ಪೇಪರಿನ ಪೊಟ್ಟಣ ಇಟ್ಟರೆ ಆ ಜಾಗ ನಿಮ್ಮದು. ಯಾರೂ ಮುಟ್ಟುವುದಿಲ್ಲ. ನಮ್ಮ ಬೆಣ್ಣೆದೋಸೆ ಹೋಟೆಲಿನಲ್ಲಿ ತಿನ್ನುವವನ ಬೆನ್ನಿಗೇ ನಿಂತು ಅವನ ಕೊನೆಯ ತುತ್ತು ಎಣಿಸುವ ನಮಗೆ ಇದು ನಂಬಲಾಗದ ಸಂಗತಿ. ಮೇಜಿನ ಮೇಲೆ ಬಿಸಿನೀರಿನ ಬೋಗುಣಿ ಬಂತು. ಶಮೀಮ್ ಕುಡಿಯಲು ಎತ್ತಿಕೊಂಡಳು. ಪಕ್ಕದ ಮೇಜಿನ ಮುದುಕಪ್ಪ ಗಾಬರಿಯಿಂದ ಕೈಯಾಡಿಸಿದ. ಅದು ಚಮಚ ಬಟ್ಟಲು ತೊಳೆದುಕೊಳ್ಳುವ ನೀರು. ಮನೆಗೆ ಒಯ್ಯುವ ಕಾಫಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ದಾರ ಕಟ್ಟಿ ಬೆರಳಿಗೆ ನೇತುಹಾಕಿದರು. ನಮ್ಮಲ್ಲಿ ಸಾಂಬಾರು ಕಟ್ಟಿಕೊಡುವ ಹಾಗೆ. "ಅಪ್ಪನವರಿಗೆ" ಎಂದಳು ಲೀಲಾ.

ಆದರೆ ನಿಜವಾಗಿ ನಾನು ಬೆಚ್ಚಿದ್ದು ಅವಳ ಮನೆಯ ಬಾಗಿಲಲ್ಲಿ. ಬಾಗಿಲ ಮೇಲೆ ಕನ್ನಡದಲ್ಲಿ ಅಚ್ಚು ಮಾಡಿದ ಚೀಟಿ: "ದ್ವಾರ". ಫ್ರಿಜ್ಜಿನ ಮೇಲೆ "ಶೀತಲ ಪೆಟ್ಟಿಗೆ". ಟೀವಿಯ ಕೆಳಗೆ "ದೂರದರ್ಶನ". ಎಲ್ಲ ನಾನೇ ಹೇಳಿಕೊಟ್ಟದ್ದು. ನಮ್ಮ ಮನೆಯಲ್ಲಿ ಯಾರಾದರೂ ಶೀತಲ ಪೆಟ್ಟಿಗೆಯಿಂದ ಹಾಲು ತಾ ಎಂದರೆ ನಾನೇ ಹಣೆ ಮುಟ್ಟಿ ನೋಡುತ್ತಿದ್ದೆ. ಗೋಡೆಯ ಮೇಲೆ ದೊಡ್ಡ ಪಟ್ಟಿ: ಯಾವ ದಿನ ಯಾವ ನಿಘಂಟು, ಯಾವ ವಾರ್ತೆಯ ವಿಡಿಯೋ, ಎಷ್ಟು ಪದ. ಇಂಟರ್ನೆಟ್ಟಿನ ಮೂಲೆಮೂಲೆ ಜಾಲಾಡಿ ಕನ್ನಡ ಕೂಡಿಸಿದ್ದಳು. "ತಮ್ಮ ತರಗತಿಗಳನ್ನು ರೆಕಾರ್ಡ್ ಮಾಡಿ ಪ್ರತಿ ಸಂಜೆ ತಂದೆಯವರಿಗೆ ದೂರದರ್ಶನದಲ್ಲಿ ತೋರಿಸುತ್ತೇನೆ" ಎಂದಳು.

ಚನ್ನಬಸಪ್ಪನವರು ಕಿಟಕಿಯ ಬಳಿ ಬೆತ್ತದ ಕುರ್ಚಿಯಲ್ಲಿದ್ದರು. ತೆಳ್ಳಗಿನ ಮನುಷ್ಯ. ಲೀಲಾ ಮೊಬೈಲ್ ಎತ್ತಿ ರೆಕಾರ್ಡ್ ಒತ್ತಿದಳು. ಮೊಬೈಲ್ ಕಂಡರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. "ನಮಸ್ಕಾರ, ಚನ್ನಬಸಪ್ಪನವರೇ. ತಾವು ಆರೋಗ್ಯದಿಂದಿರುವಿರಾ?" ಎಂದೆ.

ಅವರು ಎಡಗೈಯಿಂದ ತಡವರಿಸುತ್ತ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಕಾಲು ಹತ್ತಿರ ಎಳೆದುಕೊಂಡು, ಗೋಡೆ ನೋಡುತ್ತ ಕೂತರು. ನನಗೆ ಆ ಭಂಗಿ ಗೊತ್ತಿತ್ತು. ಮಕ್ಕಳನ್ನು ಸೇರಿಸಲು ಶಾಲೆಗೆ ಬರುತ್ತಿದ್ದ ಹಮಾಲರು ನನ್ನ ಮೇಜಿನ ಮುಂದೆ ಹೀಗೇ ಗುಂಡಿ ಹಾಕಿಕೊಂಡು, ಬಾಯಿ ಕಟ್ಟಿಕೊಂಡು ನಿಲ್ಲುತ್ತಿದ್ದರು. ಗೊತ್ತಿದ್ದರೂ ಅಂದು ಅದು ನನ್ನ ತಲೆಗೆ ಹೋಗಲಿಲ್ಲ.

ಲೀಲಾ ಹರಿಹರದ ವಿಡಿಯೋ ಹಾಕಿದಳು. ತರಕಾರಿಯವಳ ಕೂಗೇ ಇರಲಿಲ್ಲ. "ಆರಂಭದಲ್ಲಿ ಶಬ್ದಮಾಲಿನ್ಯವಿತ್ತು, ಕತ್ತರಿಸಿದ್ದೇನೆ ಗುರುಗಳೇ" ಎಂದಳು, ಹೆಮ್ಮೆಯಿಂದ. ಶಮೀಮ್ ಏನೋ ಹೇಳಲು ಬಾಯಿ ತೆರೆದಳು. "ನೀ ಮಾತಾಡಬ್ಯಾಡ, ಅವರಿಗೆ ಗೊಂದಲ ಆಗ್ತೈತೆ" ಎಂದು ನಾನು ಕಣ್ಣು ಬಿಟ್ಟೆ.

ಗುರುವಾರ

ಬೆಳಗ್ಗೆಯೆಲ್ಲ ನಾನು ಪಾಠ ಹೇಳಿದೆ. ಅವರು ಗೋಡೆ ನೋಡಿದರು. ಲೀಲಾ ಮಧ್ಯಾಹ್ನ ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡು ನಿಂತು, "ನಾಳೆಯೇ ಶುಕ್ರವಾರ" ಎಂದಳು. ಅಷ್ಟೇ. ನಾನು ಪಾಠದ ಪುಸ್ತಕ ಮುಚ್ಚಿಟ್ಟೆ. ನನ್ನ ಬಳಿಯಿದ್ದ ಮಾತೆಲ್ಲ ಅವಳಿಗೆ ಆಗಲೇ ಕೊಟ್ಟಾಗಿತ್ತು.

ಕೆಲಸವಿಲ್ಲದ ಶಮೀಮ್ ಮನೆಯೊಳಗೆ ಸುತ್ತಾಡಿ ಮೂಲೆಯಲ್ಲೊಂದು ಹಳೆಯ ಹೊಲಿಗೆ ಮೆಷಿನ್ ಕಂಡುಹಿಡಿದಳು. ಲೀಲಾಳ ತಾಯಿಯದು, ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಹರಿದ ಮಂಡಕ್ಕಿ ಚೀಲ ಹೊಲಿಯಲು ಕೂತಳು. ಚಕ್ರ ಅಲ್ಲಾಡಲಿಲ್ಲ. ಎರಡು ಕೈ ಹಚ್ಚಿ ಜಗ್ಗಿದಳು. ಕೈ ಜಾರಿ ಬೆರಳು ತರಚಿತು.

"ಇದ್ರ ಮನಿ ಹಾಳಾಗ!" ಎಂದು ಸೂರು ಹಾರಿಹೋಗುವಂತೆ ಕಿರುಚಿದಳು. "ಏನ್ ಹಠ ಮಾಡ್ತೈತ್ರೀ ಇದು! ಇದರ ಕೈಕಾಲು ಮುರಿಯಾ!"

"ಶಮೀಮ!" ಎಂದು ನಾನು ಗದರಿದೆ. ಮ್ಯೂಟ್ ಒತ್ತಲು ಅಲ್ಲಿ ಏನೂ ಇರಲಿಲ್ಲ.

ಆಗ ಕಿಟಕಿಯ ಕಡೆಯಿಂದ ಒಂದು ದನಿ ಬಂತು. ತುಕ್ಕು ಹಿಡಿದ ಕೀಲು ತಿರುಗಿದ ಹಾಗೆ.

"ಎಣ್ಣಿ."

ಮೂವರೂ ಅತ್ತ ತಿರುಗಿದೆವು. ಚನ್ನಬಸಪ್ಪನವರು ಗೋಡೆ ನೋಡುತ್ತಿರಲಿಲ್ಲ, ಮೆಷಿನ್ ನೋಡುತ್ತಿದ್ದರು. ಎಡಗೈ ಎತ್ತಿ ತೋರಿಸಿದರು. "ಎಣ್ಣಿ... ಬಿಡ್ರಿ."

ಲೀಲಾ ಓಡಿದಳು. ಅಡಿಗೆಮನೆಯಿಂದ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಅಪ್ಪನ ಮುಂದೆ ಹಿಡಿದಳು. ಅವರು ತಲೆಯಾಡಿಸಿದರು. "ಅದಲ್ಲ." ಅವಳು ಮತ್ತೆ ಓಡಿದಳು. ಹಿತ್ತಲಲ್ಲಿ ಧೂಳು ಹಿಡಿದಿದ್ದ ಅಪ್ಪನ ಉಪಕರಣದ ಪೆಟ್ಟಿಗೆಯನ್ನೇ ಎತ್ತಿ ತಂದಳು. ಅವರು ಎಡಗೈ ಹಾಕಿ ಉದ್ದ ಮೂತಿಯ ಎಣ್ಣೆಡಬ್ಬಿ ತೆಗೆದು ಶಮೀಮಳಿಗೆ ಕೊಟ್ಟರು. ಶಮೀಮ್ ಕಣ್ಣೊರೆಸಿಕೊಳ್ಳುತ್ತ, "ಎಲ್ಲಿ ಬಿಡ್ಲಿ ಅಣ್ಣಾರೆ, ಇಲ್ಲೇನು? ಇಲ್ಲಿ?" ಎಂದು ಕೇಳುತ್ತಾ ಹೋದಳು. ಅವರು "ಹ್ಞೂಂ", "ಮ್ಯಾಲೆ", "ಸಾಕು" ಎನ್ನುತ್ತಾ ಹೋದರು. ಚಕ್ರ ತಿರುಗಿತು.

ಚೀಲ ಹೊಲಿದಾದ ಮೇಲೆ ಲೀಲಾ ನನ್ನ ಬಳಿ ಬಂದು ಕೂತಳು. "ಶಮೀಮ್ ಅವರು ಮೊದಲು ನುಡಿದದ್ದು, ಅದೇ ಮಾತಲ್ಲವೇ? ಅಪ್ಪ ಗೊಣಗುತ್ತಿದ್ದದ್ದು? ನಾನು ತಮ್ಮನ್ನು ಕೇಳಿದ್ದು?"

"ಹೌದು" ಎಂದೆ. ಅರ್ಥವನ್ನೂ ಹೇಳಿದೆ. ಮ್ಯೂಟ್ ಒತ್ತಿದ್ದನ್ನೂ ಹೇಳಿದೆ, ಒಂದು ಸಲವಲ್ಲ, ಎಂಟು ತಿಂಗಳು ಎಂದು.

ಅವಳು ಗೋಡೆಯ ಪಟ್ಟಿಯತ್ತ ನೋಡಿ ಕೇಳಿದಳು: "ಹಾಗಾದರೆ ಗುರುಗಳೇ, ತಾವು ನನಗೆ ಕಲಿಸಿದ್ದು ಯಾರು ಆಡುವ ಭಾಷೆ?"

ಅದರಲ್ಲಿ ಸಿಟ್ಟಿರಲಿಲ್ಲ. ಅವಳು ನಿಜವಾಗಿ ತಿಳಿಯಲು ಕೇಳಿದ್ದಳು. ನಂದಿಗುಡಿಯ ನಮ್ಮಜ್ಜಿ ನನಗೆ ಬಾಯ್ತುಂಬ ಕೊಟ್ಟಿದ್ದನ್ನು ನಾನು ಅವಳಿಗೆ ಒಂದು ಚೂರೂ ಕೊಟ್ಟಿರಲಿಲ್ಲ. ಇಂಟರ್ನೆಟ್ಟನ್ನು ಬೈಯೋಣವೆಂದರೆ ಅದರ ತಪ್ಪೇನು? ನಾನು ಅದರೊಳಗೆ ಹಾಕಿದ್ದನ್ನೇ ಅದು ಇಲ್ಲಿಗೆ ಮುಟ್ಟಿಸಿತ್ತು. ನಾನು ಮ್ಯೂಟ್ ಒತ್ತಿ ತಡೆದದ್ದನ್ನು ಮುಟ್ಟಿಸಿರಲಿಲ್ಲ.

ಶುಕ್ರವಾರ

ನೂರುಲ್ ಚಿತ್ರದ ಕಾರ್ಡುಗಳೊಂದಿಗೆ ಬಂದಳು. ಬೆಕ್ಕು, ಬಾಳೆಹಣ್ಣು, ಕೊಡೆ. ಇಂಗ್ಲಿಷಿನಲ್ಲಿ ಕೇಳಿದಳು, ಮಲಯ್‌ನಲ್ಲಿ ಕೇಳಿದಳು. "ಅಪ್ಪ, ಇದು ಯಾವ ಪ್ರಾಣಿ?" ಎಂದು ಲೀಲಾ ಕೇಳಿದಳು. ಚನ್ನಬಸಪ್ಪನವರು ಗುಂಡಿ ಹಾಕಿಕೊಂಡು ಗೋಡೆ ನೋಡಿದರು. ನಿನ್ನೆ ಮಾತಾಡಿದರು ಎಂದು ನಾವು ಎಷ್ಟು ಹೇಳಿದರೂ ನೂರುಲ್ ಮೆಲ್ಲಗೆ ತಲೆಯಾಡಿಸಿದಳು. ಎಲ್ಲ ಮನೆಯವರೂ ಹೀಗೇ ಹೇಳುತ್ತಾರೆ ಎಂಬ ಕರುಣೆ ಅವಳ ಮುಖದಲ್ಲಿತ್ತು. ಫೈಲಿನಲ್ಲಿ ಬರೆಯತೊಡಗಿದಳು.

ನಾನು ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದೆ. ಶಮೀಮ್ ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕುತ್ತಿದ್ದಳು.

"ಏನೇ ಇದು?" ಎಂದು ಗಟ್ಟಿಯಾಗಿ ಕೂಗಿದೆ. "ಮಂಡಕ್ಕಿ ಮಾಡ್ತೀಯೋ ಅಂಬ್ಲಿ ಕಾಸ್ತೀಯೋ? ಎಷ್ಟೊತ್ತು ನೆನೆ ಹಾಕಿದ್ದಿ?"

ಶಮೀಮ್ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಸೌಟು ಸೊಂಟಕ್ಕಿಟ್ಟಳು. "ಬಂದ್ರಪಾ ದೊಡ್ ಅಡಿಗಿಯೋರು! ನಿಮ್ಮನ್ಯಾಗ ಮಂಡಕ್ಕಿ ತಿಂದೋರು ನೀರ್ ಕುಡ್ಕಂತ ನಮ್ಮನೀಗೆ ಓಡಿ ಬರ್ತಾರ್ರೀ, ಗಂಟ್ಲಾಗ ಸಿಗಾಕ್ಕಂಡು!"

"ನಿನ್ ಬಾಯಿಗೆ ಮಣ್ಣ್ ಹಾಕ! ಯಾರ್ ಬಂದಿದ್ರು? ಹೆಸರು ಹೇಳು ನೋಡೋಣ!"

"ಹೆಸರ್ ಹೇಳಿದ್ರೆ ಓಣಿಯಾಗ ನಿಮ್ ಮರ್ಯಾದಿ ಉಳಿಯಂಗಿಲ್ಲ, ಬ್ಯಾಡ ಬಿಡ್ರಿ!"

ಜಗಳ ಆಡುತ್ತಲೇ ತಟ್ಟೆಗೆ ಹಾಕಿ ತಂದು, "ನೀವೇ ಹೇಳ್ರಿ ಅಣ್ಣಾರೆ, ಹೆಂಗೈತೆ?" ಎಂದು ಶಮೀಮ್ ಅವರ ತೊಡೆಯ ಮೇಲಿಟ್ಟಳು. ಅವರು ಎಡಗೈಯಲ್ಲಿ ಒಂದು ಚಮಚ ತಿಂದರು. ನಿಧಾನವಾಗಿ ಅಗಿದರು. ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡರು.

"ಉಪ್ಪು... ಇಲ್ಲಲ್ರೀ."

ನೂರುಲ್‌ಳ ಪೆನ್ನು ನಿಂತಿತು. "ಏನಂದರು?"

ಲೀಲಾ ನಗುತ್ತಲೇ ಅಳುತ್ತಲೇ ಇಂಗ್ಲಿಷಿನಲ್ಲಿ ಹೇಳಿದಳು. ನೂರುಲ್ ಅದನ್ನು ಹಾಗೆಯೇ ನಂಬಲಿಲ್ಲ. ಅದೇ ತಟ್ಟೆಯಿಂದ ಎರಡು ಕಾಳು ತೆಗೆದು ಬಾಯಿಗೆ ಹಾಕಿಕೊಂಡಳು. ಆಮೇಲೆ ಫೈಲಿನಲ್ಲಿ ಬರೆದದ್ದನ್ನು ಹೊಡೆದುಹಾಕಿ, "ನಿಜ, ಉಪ್ಪಿಲ್ಲ" ಎಂದಳು. ಮುಂದಿನ ಭೇಟಿಯ ದಿನವನ್ನು ಬರೆದಳು.

ಮತ್ತೆ ಸರಸ್ವತಿ ನಗರ

ಈಗ ಕ್ಲಾಸು ಪಡಸಾಲೆಯಲ್ಲಿ ನಡೆಯುವುದಿಲ್ಲ. ಸಂಜೆ ಐದಕ್ಕೆ ಮೊಬೈಲನ್ನು ಅಡಿಗೆಮನೆಯ ಬೇಳೆಡಬ್ಬಿಗೆ ಆನಿಸಿ ಇಟ್ಟು, ನಾನು ಮತ್ತು ಶಮೀಮ್ ಸೊಪ್ಪು ಬಿಡಿಸುತ್ತ, ಬೈದಾಡುತ್ತ ಇರುತ್ತೇವೆ. ಆ ಕಡೆ ಅಪ್ಪ ಮಗಳು ತಮ್ಮ ಕೆಲಸ ಮಾಡಿಕೊಂಡು ಕೇಳುತ್ತಿರುತ್ತಾರೆ. ನನ್ನ ಬೆನ್ನು ಇನ್ನೂ ಒಮ್ಮೊಮ್ಮೆ ನೆಟ್ಟಗಾಗುತ್ತದೆ. ಆಗ ಶಮೀಮ್ ಚಿವುಟುತ್ತಾಳೆ.

ಹೋದ ವಾರ ಕ್ಲಾಸಿನ ನಡುವೆ ಲೀಲಾ ಉಪ್ಪಿನಕಾಯಿ ಬಾಟಲಿಯೊಂದನ್ನು ಹಿಡಿದು ಗುದ್ದಾಡುತ್ತಿದ್ದಳು. ಮುಚ್ಚಳ ಬರಲಿಲ್ಲ. ಬಟ್ಟೆ ಸುತ್ತಿ ಜಗ್ಗಿದಳು, ಮೇಜಿನ ಅಂಚಿಗೆ ಕುಟ್ಟಿದಳು. ಕೊನೆಗೆ ಹಲ್ಲು ಕಚ್ಚಿ, "ಇದ್ರ ಮನಿ ಹಾಳಾಗ!" ಎಂದಳು.

ಶಮೀಮ್ ಮತ್ತು ನಾನು ಸೊಪ್ಪು ಬಿಟ್ಟು ಮೊಬೈಲಿಗೆ ಮುಖ ಹಚ್ಚಿದೆವು.

ಅವಳ ಹಿಂದೆ, ಬೆತ್ತದ ಕುರ್ಚಿಯಿಂದ, ಚನ್ನಬಸಪ್ಪನವರು ಹೇಳಿದರು: "ಎಡಕ್ಕೆ... ಎಡಕ್ಕೆ ತಿರುಗ್ಸವ್ವಾ."

ಲೀಲಾ ಎಡಕ್ಕೆ ತಿರುಗಿಸಿದಳು. ಮುಚ್ಚಳ ಬಿಚ್ಚಿಕೊಂಡಿತು.